ಮೂಗಿನ ತೀರ್ಪು

"ಇನ್ನೂ ಹೋಗಿಲ್ಲ." ಗಂಡ ನಡುಮನೆಯ ಕಾರ್ಪೆಟ್ಟಿಗೆ ಮೂಗು ತಾಗಿಸಿ ಹೇಳಿದ. "ಅದೇ ನಾತ. ಬೆಕ್ಕಿನ ಉಚ್ಚೆ."

ಹೆಂಡತಿ ಮೊಣಕಾಲೂರಿ ಉಜ್ಜುತ್ತಲೇ ಇದ್ದಳು. ಸೋಡಾಪುಡಿ ಉದುರಿಸಿ ಆಗಿತ್ತು, ವಿನೆಗರ್ ಸುರಿದು ಆಗಿತ್ತು, ಅಂಗಡಿಯವನು ಆಣೆ ಮಾಡಿ ಕೊಟ್ಟ ನೀಲಿ ಬಾಟಲಿಯೂ ಖಾಲಿಯಾಗಿತ್ತು. ಅವಳ ಅಂಗೈ ಸುಲಿದು ಕೆಂಪಾಗಿತ್ತು. ಗೋಡೆಯ ಪಕ್ಕದ ಆ ಕಂದು ಕಲೆ ಮಾತ್ರ ಸಂಜೆಗೆ ಒಣಗಿದ ಹಾಗೆ ಮಾಡಿ, ಬೆಳಗಾಗುವುದರೊಳಗೆ ಮತ್ತೆ ಹಾಜರಾಗುತ್ತಿತ್ತು.

ವಾಸನೆಯ ವಿಷಯದಲ್ಲಿ ಆ ಮನೆಯಲ್ಲಿ ಗಂಡನದೇ ಕೊನೆಯ ಮಾತು. ಟೀ ಕಂಪನಿಯಲ್ಲಿ ಪುಡಿ ಮೂಸಿ ದರ್ಜೆ ಹೇಳುವುದೇ ಅವನ ಉದ್ಯೋಗ. ದೊಡ್ಡ ದೊಡ್ಡ ವ್ಯಾಪಾರಿಗಳು ಅವನ ಮೂಗಿಗೆ ಕೈ ಮುಗಿಯುತ್ತಾರಂತೆ. ಮುಗಿಯಲಿ, ಅವರ ಮನೆಯಲ್ಲಿ ಬೆಕ್ಕಿರಲಿಕ್ಕಿಲ್ಲ. ಅದೇ ಮೂಗನ್ನು ನಂಬಿ ಕಳೆದ ಭಾನುವಾರ ಅವನು ಮನೆಯ ಮುದಿ ಬೆಕ್ಕನ್ನು ಬುಟ್ಟಿಗೆ ತುಂಬಿ, ಮೀನು ಮಾರ್ಕೆಟ್ಟಿನ ಹಿಂದೆ ಬಿಟ್ಟು ಬಂದಿದ್ದ. ಅದೂ ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ! ಒಂದು ಕಣ್ಣಿಗೆ ಪೊರೆ ಬಂದ, ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಬಾಯಿಯ ಹತ್ತಿರ ಹಿಡಿದರೆ ಮಾತ್ರ ತಿನ್ನುವ ಜೀವ ಅದು. ಅವಳು ದಿನಾ ಸಂಜೆ ಅಲ್ಲಿಗೆ ಹೋಗಿ ಕೂಗಿ ಕರೆದು ಬರುತ್ತಿದ್ದಳು. ಗಂಟಲು ಕಟ್ಟಿತೇ ಹೊರತು ಬೆಕ್ಕು ಸಿಗಲಿಲ್ಲ.

"ಬೆಕ್ಕು ಹೋಗಿ ವಾರ ಆಯ್ತಲ್ರೀ. ಮತ್ತೆ ಇವತ್ತು ಹೇಗೆ ಒದ್ದೆ ಆಯ್ತು?"

"ಒಳಗೆ ಇಳಿದಿದ್ದು ಮೇಲೆ ಬರ್ತಿದೆ. ನಿಂಗೆ ಸರಿಯಾಗಿ ಉಜ್ಜೋಕೆ ಬರಲ್ಲ, ಅಷ್ಟೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬ್ರಷ್ಷನ್ನು ಎಸೆದು, ಸೋಫಾವನ್ನು ಕಾಲಿನಿಂದಲೇ ಅತ್ತ ದೂಡಿ, ಕಾರ್ಪೆಟ್ಟಿನ ಮೂಲೆ ಹಿಡಿದು ಎಳೆದಳು. ಇಷ್ಟು ದಿನ ಮೇಲಿಂದ ಉಜ್ಜಿದ್ದೇ ಉಜ್ಜಿದ್ದು. ಕೆಳಗೇನಿದೆ ಎಂದು ಇಬ್ಬರೂ ನೋಡಿರಲಿಲ್ಲ. ನೆಲದ ಮೇಲೆ ನೀರು ನಿಂತಿತ್ತು. ಗೋಡೆಯ ಆಚೆಗೆ ಬಚ್ಚಲು. ಅಲ್ಲಿಂದ ಬಂದ ಪೈಪಿನ ಕೀಲಿನಿಂದ ನೀರು ತೊಟ್ಟಿಕ್ಕುತ್ತಾ ಗೋಡೆಗುಂಟ ಇಳಿಯುತ್ತಿತ್ತು. ಕೊಳೆತ ಉಣ್ಣೆಯ ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು.

ಗಂಡ ಬಗ್ಗಿ ನೋಡಿದ. ಈ ಸಲ ಮೂಸಲು ಹೋಗದೆ ಜೇಬಿನಿಂದ ಫೋನ್ ತೆಗೆದ.

"ಓ, ಪೈಪು! ಇಷ್ಟೇನಾ? ಪ್ಲಂಬರ್‌ನ ಕರೀತೀನಿ, ಅರ್ಧ ಗಂಟೇಲಿ ಸರಿಹೋಗುತ್ತೆ."

"ಬೆಕ್ಕು?"

"ಅಯ್ಯೋ, ಅದಕ್ಕೇನೀಗ? ಬೇರೆ ಮರಿ ತಂದ್ರಾಯ್ತು ಬಿಡು."

ಮಾಡಿದ ತಪ್ಪಿಗೆ ಒಂದು ಮಾತು, ಒಂದೇ ಒಂದು ಮಾತು ಅವನ ಬಾಯಿಂದ ಬರುತ್ತದೇನೋ ಎಂದು ಅವಳು ಕಾದಳು. ಅವನು ಆಗಲೇ ಪ್ಲಂಬರ್‌ನ ನಂಬರ್ ಒತ್ತುತ್ತಿದ್ದ. ಅವಳು ಸೀರೆಗೆ ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು.

"ಬೆಕ್ಕಿನ ಮೇಲೆ ಬರೀ ಅನುಮಾನ ಬಂದಿದ್ದಕ್ಕೇ ಬುಟ್ಟಿಗೆ ತುಂಬಿದ್ರಿ. ಪೈಪು ಕಣ್ಣೆದುರಿಗೇ ಸಿಕ್ಕಿಬಿದ್ದಿದೆ. ಅದಕ್ಕೆ ಮಾತ್ರ ರಿಪೇರಿನಾ?"