ಕಣ್ಣು ಮುಚ್ಚಿ ಕೇಳಿದ ಬೇಸ್

ಹೋಮ್ ಥಿಯೇಟರ್ ಭಾಮೈದನ ಮನೆಗೆ. ಆದರೆ ಅದಕ್ಕೆ ದಪ್ಪ ದನಿಯ ಬೇಸ್ ಕೊಡುವ ಸಬ್‌ವೂಫರ್ ಆರಿಸುವ ಹೊಣೆಯನ್ನು ವಿರೂಪಾಕ್ಷ ಯಾರೂ ಕೇಳದೆಯೇ ಹೊತ್ತುಕೊಂಡಿದ್ದ. ನೆಂಟರಲ್ಲಿ ಯಾರ ಮನೆಗೆ ಟಿವಿ ಬರಲಿ, ಫ್ರಿಜ್ ಬರಲಿ, ಕೊಂಕು ತೆಗೆಯದೆ ಬಿಟ್ಟವನಲ್ಲ ಅವನು.

ಅಂಗಡಿಯವನು ಮೊದಲು ಚಿಕ್ಕದೊಂದನ್ನು ಹಾಕಿ ಕೇಳಿಸಿದ. ಭಾಮೈದ ತಲೆದೂಗಿದ.

"ನಂಗೆ ಇಷ್ಟು ಸಾಕು ಭಾವ. ಪಕ್ಕದ ರೂಮಲ್ಲೇ ಅಮ್ಮ ಮಲಗ್ತಾರೆ."

"ಇದಾ? ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ. ನಿನ್ನ ಕಿವಿಗೆ ರೇಡಿಯೋನೇ ಹೆಚ್ಚು."

ಎರಡನೆಯದು ಅದಕ್ಕಿಂತ ದೊಡ್ಡದು. "ಹಪ್ಪಳ ಮುರಿದ ಸದ್ದು," ಎಂದು ವಿರೂಪಾಕ್ಷ ಮೂಗು ಮುರಿದ.

"ಹಾಗಾದ್ರೆ ಇದು ಕೇಳಿ ಸಾರ್. ನಮ್ಮಲ್ಲಿರೋದ್ರಲ್ಲಿ ಇದಕ್ಕಿಂತ ಪವರ್‌ಫುಲ್ ಇನ್ನೊಂದಿಲ್ಲ," ಎಂದು ಅಂಗಡಿಯವನು ಮೂಲೆಯಲ್ಲಿದ್ದ ದೊಡ್ಡ ಪೆಟ್ಟಿಗೆಗೆ ವೈರು ಸಿಕ್ಕಿಸತೊಡಗಿದ.

"ಬೇಸ್ ಅನ್ನೋದನ್ನ ಕಣ್ಣು ಮುಚ್ಚಿ ಕೇಳ್ಬೇಕು ಕಣೋ. ನೋಡಿ ಕಲಿತ್ಕೋ," ಎಂದು ಭಾಮೈದನಿಗೆ ಹೇಳಿ ವಿರೂಪಾಕ್ಷ ಕುರ್ಚಿಗೊರಗಿ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ನೆಲ ಗುಡುಗುಡು ಎಂದಿತು. ಕುರ್ಚಿಯ ಕಾಲು ಅದುರಿ, ಎದೆಗೂಡೇ ನಡುಗಿತು. ಅವನ ಮುಖ ಅರಳಿತು.

"ಇದಪ್ಪಾ ಬೇಸ್ ಅಂದ್ರೆ! ಹಾಡಿಲ್ಲ, ಗೀಡಿಲ್ಲ, ಎಷ್ಟು ಶುದ್ಧವಾಗಿದೆ! ಇದನ್ನೇ ಪ್ಯಾಕ್ ಮಾಡ್ರಿ. ಇವನಿಗೆಲ್ಲಿ ಗೊತ್ತಾಗ್ಬೇಕು ಇದರ ಬೆಲೆ!"

ಭಾಮೈದ ಮೆಲ್ಲಗೆ ಅವನ ಭುಜ ಮುಟ್ಟಿದ.

"ಭಾವ, ಕಣ್ಣು ಬಿಡಿ. ಕರೆಂಟು ಹೋಗಿದೆ. ಅದು ಪಕ್ಕದ ಬೇಕರಿಯವರ ಜನರೇಟರು."