ತುಂಬಿದ ಹೊಂಡ

ಕೊನೆಯ ಬುಟ್ಟಿ ಕಸ ಸುರಿದು ಗಂಡ ಅದರ ಮೇಲೆ ಹತ್ತಿ ನಿಂತು ಕಾಲಿನಿಂದ ಅದುಮಿದ. ಹಿತ್ತಲಲ್ಲಿ ಮೊದಲೇ ಇದ್ದ ಹೊಂಡ ಈಗ ನೆಲದ ಮಟ್ಟಕ್ಕೆ ಬಂದಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದಳು. ಒಂದೂವರೆ ತಿಂಗಳ ಹಿಂದೆ ಹಾವಿಗೂ ದಾರಿ ಬಿಡದಂತೆ ಮುಳ್ಳು ಬೆಳೆದಿದ್ದ ಹಿತ್ತಲು ಈಗ ಚೊಕ್ಕಟವಾಗಿತ್ತು. ಇಬ್ಬರೂ ಮೂವತ್ತು ವರ್ಷ ಪಟ್ಟಣದ ಕಸ ಬಳಿದವರು. ಈ ಕೆಲಸವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿವೃತ್ತಿಯ ಹಣವನ್ನೆಲ್ಲ ಈ ಪಾಳುಮನೆಗೆ ಹಾಕಿದ್ದು ಅವಳ ಕೆಮ್ಮಿನ ದೆಸೆಯಿಂದ. ಧೂಳು ಬಿಟ್ಟು ದೂರ ಹೋಗದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಾರಿದವನು, ನೀರಿಗೇನೂ ಕೊರತೆಯಿಲ್ಲ ಎಂದಿದ್ದ. ತಗ್ಗಿನ ತೊರೆಯನ್ನೇ ಹೇಳಿರಬೇಕೆಂದು ಇವರು ತಿಳಿದರು. ಆ ತೊರೆ ಈ ವಾರ ಬತ್ತಿ, ಕೊಡ ಮುಳುಗದೆ, ಅವಳು ಲೋಟದಲ್ಲಿ ಮೊಗೆಯುತ್ತಿದ್ದಳು. ಇವತ್ತು ಲೋಟಕ್ಕೂ ಸಿಗಲಿಲ್ಲ.

ಬೇಲಿಯಾಚೆ ಎಮ್ಮೆ ಸಾಕಿಕೊಂಡಿದ್ದ ಹೆಂಗಸು ದಿನವೂ ನಿಂತು ಇವರನ್ನು ನೋಡಿ ಹೋಗುತ್ತಿದ್ದಳು. ತುಟಿ ಬಿಚ್ಚಿದವಳಲ್ಲ. ಇವರೂ ಮಾತಾಡಿಸಿದವರಲ್ಲ. ಮೂಗು ಮುಚ್ಚಿಕೊಂಡು ದಾಟಿಹೋಗುವವರ ನಡುವೆಯೇ ಆಯುಷ್ಯ ಕಳೆದವರಿಗೆ, ತಾವಾಗಿ ಮೇಲೆ ಬಿದ್ದು ಮಾತಾಡಿಸುವ ಅಭ್ಯಾಸ ಎಲ್ಲಿಂದ ಬರಬೇಕು? ಬೇರೆ ದಾರಿ ಕಾಣದೆ ಹೆಂಡತಿ ಖಾಲಿ ಕೊಡ ಹಿಡಿದು ಬೇಲಿಯ ಹತ್ತಿರ ಹೋದಳು.

ನೆರೆಯವಳು ಇಲ್ಲವೆನ್ನಲಿಲ್ಲ. ಟ್ಯಾಂಕರ್ ವಾರಕ್ಕೊಂದೇ ಸಲ ಬರುವುದು, ಎಮ್ಮೆಗೇ ಸಾಲದು ಎಂದು ಹೇಳುತ್ತಲೇ ಅರ್ಧ ಕೊಡ ತುಂಬಿಕೊಟ್ಟಳು. ಆಮೇಲೆ, "ಬಾವಿ ಮುಚ್ಚಿದ್ರಲ್ಲ, ಬೋರ್ ಯಾವಾಗ ಹಾಕಿಸ್ತೀರಿ?" ಎಂದು ಕೇಳಿದಳು.

"ಯಾವ ಬಾವಿ?"

ನೆರೆಯವಳು ಹೊಂಡದ ಕಡೆ ಕೈ ತೋರಿಸಿದಳು. ಕಟ್ಟೆ ಕುಸಿದು ಹತ್ತು ವರ್ಷವಾಯಿತಂತೆ. ಎಲೆ ಬಿದ್ದು ಕೊಳೆತು ತಳ ಕಟ್ಟಿಕೊಂಡಿತ್ತಂತೆ. ಹೂಳು ತೆಗೆಸಿದ್ದರೆ ಎಂಥ ಬೇಸಿಗೆಯಲ್ಲೂ ಎರಡಾಳು ನೀರು ನಿಲ್ಲುತ್ತಿತ್ತಂತೆ.

ಗಂಡ ಹಾರೆ ಹಿಡಿದೇ ಬಂದು ನಿಂತಿದ್ದ. ಹಾಕಿದವರಿಗೆ ತೆಗೆಯುವುದೇನು ಮಹಾ ಎಂದು ಶುರುಮಾಡಿದವನು ಮಾತನ್ನು ಅಲ್ಲಿಗೇ ನಿಲ್ಲಿಸಿದ. ಒಡೆದ ಗಾಜು, ವಿಷದ ಸಾಮಾನು ಮೊದಲು, ತೀರಾ ತಳಕ್ಕೆ. ಯಾರ ಕಾಲಿಗೂ ಕೈಗೂ ಸಿಗಬಾರದು. ಮೂವತ್ತು ವರ್ಷದಲ್ಲಿ ಒಂದು ದಿನವೂ ಅವನು ಈ ನಿಯಮ ತಪ್ಪಿದವನಲ್ಲ. ಕೊಟ್ಟಿಗೆಯಲ್ಲಿ ಸಿಕ್ಕಿದ, ತುಕ್ಕು ಹಿಡಿದು ಸೋರುತ್ತಿದ್ದ ಹದಿನಾಲ್ಕು ಡಬ್ಬ ಕೀಟನಾಶಕ ಮೊದಲ ದಿನವೇ ಹೊಂಡದ ತಳಕ್ಕೆ ಹೋಗಿತ್ತು. ಕಸವೆಲ್ಲ ತೆಗೆದರೂ ಆ ನೀರು ಇನ್ನು ಕುಡಿಯುವಂತಿರಲಿಲ್ಲ. ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಂಡಿದ್ದರು, ಅದೂ ಅಚ್ಚುಕಟ್ಟಾಗಿ. ಹೆಂಡತಿ ಅವನ ಮುಖ ನೋಡಿದಳು. ಅವಳಿಗೂ ಡಬ್ಬಗಳ ನೆನಪು ಬಂದಿತ್ತು. ಮಾರುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ವಾಪಸು ಹೋಗುವುದಕ್ಕೆ ಬಾಡಿಗೆ ಕೋಣೆಯೂ ಇರಲಿಲ್ಲ. ಅಳು ಬರಬೇಕಾಗಿತ್ತು, ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ, "ದಿನಾ ನೋಡ್ತಿದ್ದೆಯಲ್ಲ ತಾಯಿ, ಒಂದು ಮಾತು ಹೇಳಬಾರದಿತ್ತಾ?" ಎಂದಳು.

ನೆರೆಯವಳು ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡಿದಳು.

"ಹೇಳೋಣ ಅಂತಲೇ ಬರ್ತಿದ್ದೆ ಅಕ್ಕಾ. ಇಂಥಾ ಬಾವೀನೇ ಮುಚ್ತಾರೆ ಅಂದ್ರೆ ಯಾರೋ ದೊಡ್ಡೋರೇ ಇರ್ಬೇಕು, ನಮ್ಮಂಥೋರ ಮಾತು ಎಲ್ಲಿ ಕೇಳ್ತಾರೆ ಅಂತ ಸುಮ್ನಾದೆ."