ಚಕ್ರದಡಿಯ ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಉಗಿಬಂಡಿಯ ಚಕ್ರದ ಮುಂದೆ ನಿಂಬೆಹಣ್ಣಿಟ್ಟು ಪುಟ್ಟಮಲ್ಲಪ್ಪ ಪಕ್ಕಕ್ಕೆ ಸರಿದ. ಇನ್ನು ಬಂಡಿ ಮೇಲೆ ಹರಿದು ಹಣ್ಣು ಅಪ್ಪಚ್ಚಿಯಾಗಬೇಕು. ಮೊಪೆಡ್ಡಾದರೂ ಸರಿ, ಲಾರಿಯಾದರೂ ಸರಿ, ಶಾಸ್ತ್ರ ಶಾಸ್ತ್ರವೇ.

ಬಂಡಿ ರಿಪೇರಿ ಮಾಡಿದ್ದ ಷಡಕ್ಷರಿ ಹಣ್ಣನ್ನೇ ನೋಡಿದ. ಈ ನಿಂಬೆಹಣ್ಣೊಂದನ್ನು ಅವನು ಮರೆತೇಬಿಟ್ಟಿದ್ದ.

ಅಗರದ ಬಳಿ ಮುಚ್ಚಿಹೋದ ಸಕ್ಕರೆ ಮಿಲ್ಲಿನ ಅಂಗಳದಲ್ಲಿ ಕಬ್ಬು ತುಂಬಿದ ಡಬ್ಬಿಗಳನ್ನು ಕಂಬಿಯ ಮೇಲೆ ಎಳೆಯುತ್ತಿದ್ದ ಎಂಜಿನ್ನು ಅದು. ಓಡಿಸುತ್ತಿದ್ದವನು ಪುಟ್ಟಮಲ್ಲಪ್ಪ. ಗುಜರಿಯವರ ಕಣ್ಣು ಬಿದ್ದಾಗ ಅವರಿವರ ಕಾಲು ಹಿಡಿದು ಉಳಿಸಿಕೊಂಡವನೂ ಅವನೇ. ಸಾಯುವ ಮುಂಚೆ ಅದರ ಚಕ್ರ ಉರುಳುವುದನ್ನೊಮ್ಮೆ ನೋಡಬೇಕು ಎನ್ನುತ್ತಿದ್ದ. ರಿಪೇರಿಗೆ ಒಪ್ಪಿದ ಕೊಳ್ಳೇಗಾಲದ ಮೆಕ್ಯಾನಿಕ್ ಷಡಕ್ಷರಿಗೆ, ತನ್ನ ಕೈಗೆ ಬಂದ ಗಾಡಿ ಓಡದೆ ಹೋದದ್ದಿಲ್ಲ ಎಂಬ ಜಂಬ. ತುಕ್ಕು ತಿಂದು ತಿರುಗದೆ ಹಿಡಿದುಕೊಂಡಿದ್ದ ಚಕ್ರದ ಅಚ್ಚನ್ನು ಕಾಯಿಸಿ ಬಡಿದು ಸೀಳಿಬಿಟ್ಟ. ಕೈಲಾಗಲಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಬಂಡಿ ಕುಸಿಯದಂತೆ ಚಕ್ರಗಳನ್ನು ಕಂಬಿಗೇ ವೆಲ್ಡ್ ಮಾಡಿ ಕಪ್ಪು ಪೇಂಟು ಬಳಿದ. ಸಲೀಸಾಗಿ ಉರುಳುತ್ತದೆ ಎಂದು ಮುದುಕನಿಗೆ ಹೇಳಿಯೂ ಬಿಟ್ಟ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

"ಬೆಂಕಿ ಆಮ್ಯಾಕೆ ಆಕನ. ಈಗ ಒಂದ್ ಗೇಣು ತಳ್ಳುದ್ರ ಸಾಕು ಕಣ್ಲಾ," ಎಂದ ಪುಟ್ಟಮಲ್ಲಪ್ಪ.

ಹುಡುಗರು ಹಿಂದಿನಿಂದ ಹೆಗಲು ಕೊಟ್ಟರು. ಷಡಕ್ಷರಿಯೂ ಕೊಟ್ಟ, ಕೊಡದೆ ಇರುವುದು ಹೇಗೆ? ಬಂಡಿ ಮಿಸುಕಲಿಲ್ಲ. ಇನ್ನಷ್ಟು ಜನ ಬಂದರು, ಐಸಾ, ಬೈಸಾ ಎಂದು ಕೂಗಿ ತಳ್ಳಿದರು. ಮುಂದೆ ನಿಂತಿದ್ದ ಪುಟ್ಟಮಲ್ಲಪ್ಪ ಏನು ಅಡ್ಡವಿದೆಯೋ ಎಂದು ಬಗ್ಗಿ ನೋಡಿದ. ಚಕ್ರ ಕಂಬಿಗೆ ತಾಗುವಲ್ಲಿ ಬೆರಳಾಡಿಸಿದ. ಪೇಂಟಿನಡಿಯ ವೆಲ್ಡಿನ ಗಂಟು ಬೆರಳಿಗೆ ಸಿಕ್ಕಿತು. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

ಷಡಕ್ಷರಿ ಪಕ್ಕದಿಂದ ಇಣುಕಿ ಇದನ್ನೆಲ್ಲ ಕಂಡ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಬೈಯುತ್ತಾನೆ, ಬೈದುಬಿಟ್ಟರೆ ಸಾಕು ಎಂದು ಕಾದ.

ಪುಟ್ಟಮಲ್ಲಪ್ಪ ಎದ್ದು, ಬರಿಗಾಲಿನಲ್ಲಿ ನಿಂಬೆಹಣ್ಣನ್ನು ಒತ್ತಿ ತುಳಿದ.

"ಓಯ್ತು ಕಣ್ರಪ್ಪ, ಗಾಡಿ ಓಯ್ತು. ಸಾಕು ಬುಡಿ," ಎಂದು ಹಿಂದಿದ್ದವರಿಗೆ ಕೂಗಿ ಹೇಳಿದ.

ಅವರು ಚಪ್ಪಾಳೆ ತಟ್ಟಿದರು. ಒಡೆದ ಹಿಮ್ಮಡಿಗೆ ಹುಳಿ ತಾಗಿ ಉರಿಯುತ್ತಿತ್ತೇನೋ, ಮುದುಕ ಕುಂಟುತ್ತ ಬಂದು ಷಡಕ್ಷರಿಯ ಹಣೆಗೆ ಕುಂಕುಮವಿಟ್ಟ.